"ಕೆಲವು ಬಗ್ ಸರಿಪಡಿಸಲಾಗಿದೆ" ಎಂದರೆ ಸಾಲದು

ಪ್ರಶ್ನೆ: ನಮ್ಮದು ಚಿಕ್ಕ ಓಪನ್ ಸೋರ್ಸ್ ಡೇಟಾಬೇಸ್. ಇಂಡೆಕ್ಸ್ (ಟೇಬಲ್ಲಿನ ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿ) ಕೆಡುತ್ತಿದ್ದ ಒಂದು ಬಗ್ ಸರಿಮಾಡಿದ್ದೇವೆ. ಬಳಸುವವರು ಗಾಬರಿಯಾಗಬಾರದಲ್ವಾ? ಬಿಡುಗಡೆ ಪ್ರಕಟಣೆಯಲ್ಲಿ "ಕೆಲವು ಬಗ್ ಸರಿಪಡಿಸಲಾಗಿದೆ" ಎಂದಷ್ಟೇ ಬರೆದರೆ ಸಾಲದೇ?

ಉತ್ತರ: ಸಾಲದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ನನಗೆ ಸಿಟ್ಟೂ ಬರುತ್ತದೆ. ನೀವು ಬಗ್ ಸರಿಮಾಡಿದ ಮಾತ್ರಕ್ಕೆ ಅವರ ಡಿಸ್ಕಿನಲ್ಲಿ ಆಗಲೇ ಕೆಟ್ಟಿರುವ ಇಂಡೆಕ್ಸ್ ಸರಿಹೋಗುವುದಿಲ್ಲ. ಟೇಬಲ್ಲಿನಲ್ಲಿ ಇರುವ ಸಾಲನ್ನೇ ಹುಡುಕುವ ಕ್ವೆರಿ ಕೊಟ್ಟರೂ "ಇಲ್ಲ" ಎಂಬ ಉತ್ತರ ಬರುತ್ತಿರುತ್ತದೆ, ಎರರ್ ಕೂಡ ಬರುವುದಿಲ್ಲ. ಇಂಥ ಮಸುಕು ಪ್ರಕಟಣೆ ಓದಿ ನಾನೊಮ್ಮೆ ಅಪ್‌ಗ್ರೇಡ್ ಮುಂದೂಡಿದ್ದೆ. ಆಮೇಲೆ, ಕೆಟ್ಟ ಇಂಡೆಕ್ಸ್ ತಡೆಯದೆ ಬಿಟ್ಟದ್ದರಿಂದ, ಒಂದೇ ನಂಬರಿನ ಎರಡೆರಡು ಬಿಲ್ ಸಿಕ್ಕವು.

2022ರ ಜೂನ್‌ನಲ್ಲಿ ಪೋಸ್ಟ್‌ಗ್ರೆಸ್ ಎಂಬ ಓಪನ್ ಸೋರ್ಸ್ ಡೇಟಾಬೇಸಿನ 14.4 ಆವೃತ್ತಿ ಬಂದದ್ದನ್ನು ನೋಡಿ. ಬಿಡುಗಡೆಯ ಮಾಮೂಲಿ ಸರದಿ ಆಗಸ್ಟ್‌ನಲ್ಲಿತ್ತು, ಅವರು ಕಾಯಲಿಲ್ಲ. ಟೇಬಲ್ ಬಳಕೆಯಲ್ಲಿರುವಾಗಲೇ ಇಂಡೆಕ್ಸ್ ಕಟ್ಟುವ "ಕನ್‌ಕರೆಂಟ್ಲಿ" ಕಮಾಂಡ್‌ಗಳಿಂದ ಸದ್ದಿಲ್ಲದೆ ಡೇಟಾ ಕೆಡಬಹುದು ಎಂದು ಆರಂಭದಲ್ಲೇ ಬರೆದರು. ತೊಂದರೆ 14ನೇ ಆವೃತ್ತಿಗೆ ಮಾತ್ರ ಎಂದರು. ಇಂಡೆಕ್ಸ್ ಕೆಟ್ಟಿದೆಯೇ ಎಂದು ನೋಡುವ ಪಿಜಿ ಆಮ್‌ಚೆಕ್ ಎಂಬ ಪ್ರೋಗ್ರಾಂನಿಂದ ಪರೀಕ್ಷಿಸುವುದನ್ನೂ, ಅಪ್‌ಗ್ರೇಡ್ ಆದ ಮೇಲೆ ಇಂಡೆಕ್ಸ್ ಮತ್ತೆ ಕಟ್ಟುವುದನ್ನೂ ತಿಳಿಸಿದರು.

ನೀವೂ ಹೀಗೆ ಬರೆಯಿರಿ: "ಹಿಂದಿನ ಆವೃತ್ತಿಯಲ್ಲಿ ಕಟ್ಟಿದ ಇಂಡೆಕ್ಸ್ ಕೆಟ್ಟಿರಬಹುದು. ಮೊದಲು ಅಪ್‌ಗ್ರೇಡ್ ಮಾಡಿ, ಆಮೇಲೆ ಅದನ್ನು ಮತ್ತೆ ಕಟ್ಟಿ." ಯಾವ ಆವೃತ್ತಿ ಎಂಬ ನಂಬರ್ ಕಡ್ಡಾಯ. ಕೆಟ್ಟದ್ದನ್ನು ಪತ್ತೆಹಚ್ಚುವ ದಾರಿ ಇಲ್ಲದಿದ್ದರೆ ಅದನ್ನೂ ಹೇಳಿ. "ಸರಿಪಡಿಸಲಾಗಿದೆ", "ಸುಧಾರಿಸಲಾಗಿದೆ" ಅಂತ ಸುಮ್ನೆ ತುಂಬಿಸಬೇಡಿ. ರಾತ್ರಿ ಸರ್ವರ್ ಕಾಯುವವನಿಗೆ ತಾನೇನು ಮಾಡಬೇಕು ಅನ್ನುವುದು ಬೇಕು.

ಅಪ್‌ಗ್ರೇಡ್ ಎಷ್ಟು ಹೊತ್ತಿನ ಕೆಲಸ ಎಂಬುದನ್ನೂ ಸೇರಿಸಿ. ಚಿಕ್ಕ ಆವೃತ್ತಿಗೂ (14.3ರಿಂದ 14.4ಕ್ಕೆ ಹೋಗುವಂಥದ್ದು) ಇಡೀ ಡೇಟಾ ಬೇರೆ ಫೈಲಿಗೆ ಡಂಪ್ ಮಾಡಿ ಮತ್ತೆ ತುಂಬಬೇಕು ಎಂದು ಹೆದರಿಸಿ ದುಡ್ಡು ಮಾಡುವ ಕನ್ಸಲ್ಟೆಂಟ್‌ಗಳಿದ್ದಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಶುದ್ಧ ಸುಳ್ಳು. ಸರ್ವರ್ ನಿಲ್ಲಿಸಿ, ಹೊಸ ಪ್ರೋಗ್ರಾಂ ಹಾಕಿ, ಮತ್ತೆ ಶುರುಮಾಡಿದರೆ ಆಯಿತು. "ಓಡುತ್ತಿದೆ, ಮುಟ್ಟಬೇಡಿ" ಅನ್ನುವವರ ಮಾತು ಇನ್ನೂ ಅಪಾಯ.

ಪ್ರಶ್ನೆ: "3 ಪಟ್ಟು ವೇಗ" ಎಂದು ಬರೆಯಬಹುದೇ?

ಉತ್ತರ: ಯಾವ ಕ್ವೆರಿ, ಯಾವ ಯಂತ್ರ, ಎಷ್ಟು ಡೇಟಾ ಎಂದು ಪಕ್ಕದಲ್ಲೇ ಬರೆಯಲಾಗದಿದ್ದರೆ ಬೇಡ.

ಪ್ರಶ್ನೆ: ತೆಗೆದುಹಾಕಿದ ಸೌಲಭ್ಯಗಳನ್ನು ಕೊನೆಯಲ್ಲಿ ಹಾಕೋಣವೇ?

ಉತ್ತರ: ಖಂಡಿತ ಬೇಡ. ಪೋಸ್ಟ್‌ಗ್ರೆಸ್ 12ರಿಂದ ಹಿಂದೆ ರಿಕವರಿ ಸೆಟ್ಟಿಂಗ್ ಇಡುತ್ತಿದ್ದ, ಈಗ ಕೈಬಿಟ್ಟಿರುವ "ರಿಕವರಿ ಡಾಟ್ ಕಾನ್ಫ್" ಫೈಲ್ ಉಳಿದಿದ್ದರೆ ಸರ್ವರ್ ಏಳುವುದೇ ಇಲ್ಲ. ಅಂಥದ್ದು ಮೇಲೆಯೇ ಇರಲಿ.