ತಿಳಿನೀರು, ಖಾಲಿ ನದಿ: ಗಣಿಯ ಕೆಳಗಿನ ಹೊಳೆಯ ಬಗ್ಗೆ ಸಂಪಾದಕರ ಉತ್ತರ

ಮುಚ್ಚಿದ ಗಣಿಯೊಂದರ ಕೆಳಗೆ ಹರಿಯುವ ನದಿಯ ಬಗ್ಗೆ ಓದುಗರೊಬ್ಬರು ಬರೆದಿದ್ದಾರೆ. ಗಣಿಯ ತೊರೆ ಬಂದು ಸೇರುವಲ್ಲಿ ಕಲ್ಲುಗಳೆಲ್ಲ ಕಿತ್ತಳೆ ಬಣ್ಣ. ನಾಲ್ಕೈದು ಕಿಲೋಮೀಟರ್ ಕೆಳಗೆ ನೀರು ತಿಳಿಯಾಗಿದೆ, ಆದರೆ ಮೀನಿಲ್ಲ. ಕಲ್ಲು ಮಗುಚಿದರೆ ಹುಳುವೂ ಇಲ್ಲ. ಅಲ್ಲಿಂದ ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟರೆ ಎಲ್ಲ ಲೋಹಗಳೂ ‘ಮಿತಿಯೊಳಗೆ’ ಎಂಬ ವರದಿ ಬಂದಿದೆ. ಈ ವರದಿಯನ್ನು ನಂಬಬಹುದೇ, ತೊರೆಗೆ ಸುಣ್ಣಕಲ್ಲು ಸುರಿದರೆ ಸರಿಹೋದೀತೇ, ನೀರನ್ನು ಭತ್ತದ ಗದ್ದೆಗೆ ಹಾಯಿಸಬಹುದೇ ಎಂಬುದು ಅವರ ಪ್ರಶ್ನೆ.

ವರದಿ ಸುಳ್ಳಲ್ಲ. ಆದರೆ ಅದು ನೀವು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಲ್ಯಾಬಿನವರು ಕುಡಿಯುವ ನೀರಿನ ಮಿತಿಗೆ ಹೋಲಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರವನ್ನು ಒಪ್ಪುತ್ತದೆ. ಅದರ ನೂರನೇ ಒಂದು ಪಾಲು, ಅಂದರೆ 0.02 ಮಿಲಿಗ್ರಾಂ, ಮೆದು ನೀರಿನಲ್ಲಿ ಟ್ರೌಟ್ ಮರಿಗಳನ್ನು ಕೊಲ್ಲಲು ಸಾಕು. ತಾಮ್ರ ಕಿವಿರಿನ ಮೇಲೆ ಕೂತು ಸೋಡಿಯಂ ಒಳಹೋಗುವುದನ್ನು ತಡೆಯುತ್ತದೆ. ಸತು, ಕ್ಯಾಡ್ಮಿಯಂ ತಡೆಯುವುದು ಕ್ಯಾಲ್ಸಿಯಂನ ದಾರಿಯನ್ನು. ನೀರು ಗಡಸಾಗಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಪೈಪೋಟಿಗಿಳಿದು ಮೀನನ್ನು ಸ್ವಲ್ಪ ಕಾಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸತುವಿಗೆ ಇಟ್ಟಿರುವ 0.12 ಮಿಲಿಗ್ರಾಂ ಮಿತಿ ಕೂಡ ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇರುವ ನೀರಿಗೆ ಮಾತ್ರ. ನೀವು ಕಳಿಸಿದ ವರದಿಯಲ್ಲಿ ಗಡಸುತನದ ಕಾಲಮ್ಮೇ ಇಲ್ಲ. ಅದಿಲ್ಲದೆ ಮೀನಿನ ಮಟ್ಟಿಗೆ ಆ ಅಂಕಿಗಳಿಗೆ ಅರ್ಥವಿಲ್ಲ.

ಇನ್ನು ನೀರು ತಿಳಿಯಾದದ್ದು ಹೇಗೆ? ನೆಲದಡಿ ಸುಮ್ಮನಿದ್ದ, ಕಬ್ಬಿಣ ಮತ್ತು ಗಂಧಕದ ಖನಿಜವಾದ ಪೈರೈಟ್‌ಗೆ ಗಾಳಿ ಮತ್ತು ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ಕರಗುತ್ತದೆ. ಆ ಕಬ್ಬಿಣವನ್ನು ಕೆಲವು ಬ್ಯಾಕ್ಟೀರಿಯಾ ಫೆರಿಕ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ, ಫೆರಿಕ್ ಕಬ್ಬಿಣ ಮತ್ತಷ್ಟು ಪೈರೈಟನ್ನು ತಿನ್ನುತ್ತದೆ. ಅಕ್ಕಪಕ್ಕದ ಅದಿರಿನಲ್ಲಿದ್ದ ತಾಮ್ರ, ಸತು, ಕ್ಯಾಡ್ಮಿಯಂ ಈ ಆಮ್ಲದಲ್ಲಿ ಕರಗಿ ಹೊರಬರುತ್ತವೆ. ತೊರೆ ನದಿಗೆ ಸೇರಿ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು, 7 ತಟಸ್ಥ) ಏರಿದಂತೆ ಲೋಹಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಫೆರಿಕ್ ಕಬ್ಬಿಣ ಪಿಎಚ್ 3.5ರ ಆಸುಪಾಸಿನಲ್ಲೇ ಕಿತ್ತಳೆ ಗಸಿಯಾಗುತ್ತದೆ, 5ರ ಹತ್ತಿರ ಅಲ್ಯುಮಿನಿಯಂ ಬಿಳಿಯಾಗಿ ಕೂರುತ್ತದೆ. ಸೀಸ, ತಾಮ್ರ, ಆರ್ಸೆನಿಕ್ ಬಹುಪಾಲು ಆ ಕಿತ್ತಳೆ ಗಸಿಗೇ ಅಂಟಿಕೊಳ್ಳುತ್ತವೆ. ಸತು, ಕ್ಯಾಡ್ಮಿಯಂ ಹಾಗಲ್ಲ. ತಟಸ್ಥ ನೀರಿನಲ್ಲೂ ಕರಗಿಕೊಂಡೇ ದೂರ ಸಾಗುತ್ತವೆ, ಅವುಗಳಿಗೆ ಬಣ್ಣವೂ ಇಲ್ಲ. ಬಣ್ಣ ಹೋದ ಜಾಗದಲ್ಲಿ ವಿಷವೂ ಹೋಯಿತೆಂದು ಜನ ನಂಬಿಬಿಡುತ್ತಾರೆ, ನನ್ನ ಕಳವಳ ಅದೇ.

ಮಾದರಿ ತೆಗೆದ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ವರದಿಗಳು ಹಾಳಾಗುವುದು ಹೆಚ್ಚಾಗಿ ನದಿಯ ದಡದಲ್ಲೇ. ಒಂದು ಜಾಗಕ್ಕೆ ಮೂರು ಬಾಟಲಿ ಬೇಕು, ಎಚ್‌ಡಿಪಿಇ ಪ್ಲಾಸ್ಟಿಕ್ಕಿನವು. ಲೋಹಕ್ಕೆ ಬಳಸುವ ಎರಡನ್ನು ಶೇ 10ರ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಶುದ್ಧೀಕರಿಸಿದ ನೀರಿನಲ್ಲಿ ತೊಳೆದಿರಬೇಕು. ಮೊದಲನೆಯದಕ್ಕೆ 0.45 ಮೈಕ್ರಾನ್ ಸೋಸುಕದಲ್ಲಿ ದಡದಲ್ಲೇ ಸೋಸಿದ ನೀರು. ಎರಡನೆಯದಕ್ಕೆ ಸೋಸದ ನೀರು. ಈ ಎರಡಕ್ಕೂ ಶುದ್ಧ ನೈಟ್ರಿಕ್ ಆಮ್ಲ ಹನಿಸಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಮೂರನೆಯದಕ್ಕೆ ಆಮ್ಲ ಬೇಡ. ಸಲ್ಫೇಟ್, ಕ್ಷಾರತೆ ಅಳೆಯುವುದು ಅದರಿಂದ. ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸಿ. ಪಿಎಚ್ ಮಾತ್ರ ಸ್ಥಳದಲ್ಲೇ ಅಳೆಯಬೇಕು.

ಕ್ರಮ ತಪ್ಪಿದರೆ ಅಂಕಿ ತಲೆಕೆಳಗಾಗುತ್ತದೆ. ಮೊದಲು ಆಮ್ಲ ಹಾಕಿ ಆಮೇಲೆ ಸೋಸಿದರೆ ತೇಲುತ್ತಿದ್ದ ಗಸಿಯೂ ಕರಗಿ, ‘ಕರಗಿದ ಲೋಹ’ದ ಲೆಕ್ಕ ವಿನಾಕಾರಣ ಏರುತ್ತದೆ. ಸೋಸದೆ, ಆಮ್ಲವನ್ನೂ ಹಾಕದೆ ಬಾಟಲಿಯನ್ನು ಎರಡು ದಿನ ಇಟ್ಟರೆ ಒಳಗಿನ ಕಬ್ಬಿಣ ಗಸಿಯಾಗಿ ತಳದಲ್ಲಿ, ಗೋಡೆಯಲ್ಲಿ ಅಂಟುತ್ತದೆ, ಇತರ ಲೋಹಗಳನ್ನೂ ಎಳೆದುಕೊಳ್ಳುತ್ತದೆ. ಲ್ಯಾಬ್ ಮೇಲಿನ ತಿಳಿಯನ್ನು ತೆಗೆದು ಅಳೆದರೆ ಅಂಕಿ ಕಡಿಮೆಯೇ ಬರುತ್ತದೆ. ನಿಮ್ಮದು ಮಿನರಲ್ ವಾಟರ್ ಬಾಟಲಿ, ಲ್ಯಾಬ್ ತಲುಪಿದ್ದು ಮೂರನೇ ದಿನ ಎಂದು ಬರೆದಿದ್ದೀರಿ. ಆ ಮಾದರಿಯನ್ನು ಕೈಬಿಡಿ. ಮುಂದಿನ ಸಲ ಶುದ್ಧ ನೀರನ್ನೇ ಇದೇ ಕ್ರಮದಲ್ಲಿ ತುಂಬಿದ ಒಂದು ಬಾಟಲಿಯನ್ನೂ ಕಳಿಸಿ. ಅದರಲ್ಲಿ ಸತು ಕಂಡರೆ ಕೊಳೆ ನಿಮ್ಮ ಸಲಕರಣೆಯದು.

ಹೊತ್ತೂ ಮುಖ್ಯ. ತಟಸ್ಥ ಪಿಎಚ್‌ನ ಹೊಳೆಯಲ್ಲಿ ಕರಗಿದ ಸತು ಬೆಳಗಿನ ಜಾವ ಏರಿ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಒಂದೇ ದಿನದೊಳಗೆ ಹಲವು ಪಟ್ಟು ವ್ಯತ್ಯಾಸ ಕಂಡ ನದಿಗಳಿವೆ. ಆರ್ಸೆನಿಕ್‌ನದು ತದ್ವಿರುದ್ಧ ಚಾಳಿ. ನಡುಮಧ್ಯಾಹ್ನದ ಒಂದು ಮಾದರಿಯಿಂದ ಏನೂ ತೀರ್ಮಾನಿಸಲಾಗದು. ಒಣದಿನಗಳಲ್ಲಿ ಗಣಿತ್ಯಾಜ್ಯದ ರಾಶಿಯ ಮೇಲೆ ಹಸಿರು, ಬಿಳಿ, ಹಳದಿ ಉಪ್ಪು ಒಸರಿ ಕಟ್ಟಿರುತ್ತದೆ. ಅದು ಆಮ್ಲವನ್ನೂ ಲೋಹವನ್ನೂ ಹಿಡಿದಿಟ್ಟ ಸಲ್ಫೇಟ್. ಮೊದಲ ಜೋರು ಮಳೆಗೆ ಒಮ್ಮೆಲೇ ಕರಗಿ ಹೊಳೆಗಿಳಿಯುತ್ತದೆ. ಮೀನು ಸಾಯುವುದು ಹೆಚ್ಚಾಗಿ ಆಗ. ಆ ಮಳೆಯ ಮೊದಲ ಗಂಟೆಗಳ ಮಾದರಿ ನಿಮ್ಮಲ್ಲಿರಲೇಬೇಕು.

ಲೀಟರಿಗೆ ಎಷ್ಟು ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ. ಲೀಟರಿಗೆ ಇರುವ ಮಿಲಿಗ್ರಾಂ, ಸೆಕೆಂಡಿಗೆ ಹರಿಯುವ ಲೀಟರ್, 0.0864: ಈ ಮೂರನ್ನು ಗುಣಿಸಿದರೆ ದಿನಕ್ಕೆ ಎಷ್ಟು ಕಿಲೋ ಎಂದು ಸಿಗುತ್ತದೆ. 2 ಮಿಲಿಗ್ರಾಂ ಸತು, 50 ಲೀಟರ್ ಹರಿವು ಎಂದರೆ ದಿನಕ್ಕೆ 8.64 ಕಿಲೋ. ಪ್ರತಿ ಉಪತೊರೆ ಬಂದು ಸೇರುವ ಜಾಗದ ಮೇಲೆ ಮತ್ತು ಕೆಳಗೆ ಹೀಗೆ ಅಳೆದರೆ ಲೋಹ ಎಲ್ಲಿಂದ ಸೇರುತ್ತಿದೆ ಎಂಬುದು ತಾನಾಗಿ ಬಯಲಾಗುತ್ತದೆ.

ಹೂಳನ್ನು ನೀವು ಪರೀಕ್ಷಿಸಿಯೇ ಇಲ್ಲ. 2015ರ ಆಗಸ್ಟ್‌ನಲ್ಲಿ ಅಮೆರಿಕದ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 1.1 ಕೋಟಿ ಲೀಟರ್ ನೀರು ನುಗ್ಗಿ ಅನಿಮಸ್ ನದಿ ಹಳದಿಯಾಯಿತು. ಬಣ್ಣ ಕೆಲವೇ ದಿನಗಳಲ್ಲಿ ಸರಿಯಿತು, ಗಸಿ ತಳದಲ್ಲಿ ಉಳಿಯಿತು. ಇಂಥ ಹೂಳು ಪ್ರವಾಹಕ್ಕೆ ಎದ್ದು ಮುಂದೆ ಸಾಗುತ್ತದೆ. ಆಳದಲ್ಲಿ ಹೂತು ಗಾಳಿ ಸಿಗದಾದರೆ ಕಬ್ಬಿಣ ಮತ್ತೆ ಕರಗಿ ಆರ್ಸೆನಿಕ್ಕನ್ನು ಬಿಟ್ಟುಕೊಡುತ್ತದೆ. 63 ಮೈಕ್ರಾನ್ ಜರಡಿಯಲ್ಲಿ ಇಳಿದ ನಯವಾದ ಭಾಗವನ್ನೇ ಪರೀಕ್ಷೆಗೆ ಕೊಡಿ, ಗಣಿಗಿಂತ ಮೇಲಿನ ಹೂಳನ್ನೂ ಹೋಲಿಕೆಗೆ ಕೊಡಿ.

ಸುಣ್ಣಕಲ್ಲಿನ ಉಪಾಯ ಎಲ್ಲರಿಗೂ ಮೊದಲು ಹೊಳೆಯುವಂಥದ್ದು. ಆದರೆ ತೆರೆದ ತೊರೆಗೆ ಸುರಿದ ಕಲ್ಲಿನ ಮೇಲೆ ಫೆರಿಕ್ ಗಸಿ ಪದರಗಟ್ಟಿ, ಒಳಗಿನ ಸುಣ್ಣ ಆಮ್ಲಕ್ಕೆ ಸರಿಯಾಗಿ ಸಿಗದಾಗುತ್ತದೆ. ಕಲ್ಲು ಕೆಲಸ ಮಾಡಬೇಕಾದರೆ ಗಣಿಯ ನೀರನ್ನು ಗಾಳಿ ತಾಗುವ ಮೊದಲೇ ನೆಲದಡಿಯ ಮುಚ್ಚಿದ ಕಾಲುವೆಗೆ ತಿರುಗಿಸಬೇಕು. ಆ ನೀರಿನಲ್ಲಿ ಕರಗಿದ ಆಮ್ಲಜನಕ, ಫೆರಿಕ್ ಕಬ್ಬಿಣ, ಅಲ್ಯುಮಿನಿಯಂ ಮೂರೂ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, ನೀರು ಕಲ್ಲಿನ ನಡುವೆ ಸುಮಾರು 15 ಗಂಟೆ ನಿಲ್ಲಬೇಕು. ಸೆಕೆಂಡಿಗೆ 5 ಲೀಟರ್ ತೊರೆಗೇ ಕಲ್ಲುಗಳ ನಡುವೆ 270 ಘನ ಮೀಟರ್ ಸಂದು ಬೇಕಾಗುತ್ತದೆ, ಎಂದರೆ ಸುಮಾರು 800 ಟನ್ ಕಲ್ಲು. ಹೊರಬಂದ ನೀರು ಕೆಸರುಹೊಂಡದಲ್ಲಿ ಕಬ್ಬಿಣ ಇಳಿಸಬೇಕು. ಒಂದು ಚದರ ಮೀಟರಿಗೆ ದಿನಕ್ಕೆ 10ರಿಂದ 20 ಗ್ರಾಂ ಕಬ್ಬಿಣ ಎಂದು ಲೆಕ್ಕ ಹಿಡಿಯುತ್ತಾರೆ. ಇಷ್ಟಾದರೂ ಸತು, ಕ್ಯಾಡ್ಮಿಯಂ ಹೆಚ್ಚೇನೂ ಇಳಿಯುವುದಿಲ್ಲ. ಅವುಗಳಿಗೆ ಅರಳಿಸಿದ ಸುಣ್ಣ ಬೆರೆಸಿ ಪಿಎಚ್ 9ರ ಮೇಲೆ ಒಯ್ಯುವ ಘಟಕ ಬೇಕು, ಗಸಿಯನ್ನು ನೀರು ತಾಗದ ಜಾಗಕ್ಕೆ ಸಾಗಿಸುತ್ತಲೇ ಇರಬೇಕು. ನಿಮ್ಮ ಊರಿನವರು ಸೇರಿ ಮಾಡುವ ಕೆಲಸವಲ್ಲ ಇದು. ಗಣಿಯ ಹೊಣೆ ಹೊತ್ತವರಿಂದ ಮಾಡಿಸಬೇಕಾದದ್ದು.

ಗದ್ದೆಯ ವಿಷಯಕ್ಕೆ ಜಪಾನಿನ ಜಿನ್ಜು ನದಿಯನ್ನು ನೋಡಬೇಕು. ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಆ ನದಿಯಿಂದ ಗದ್ದೆಗೆ, ಅನ್ನಕ್ಕೆ ಸೇರಿ ಜನರ ಮೂಳೆ ಮುರಿಯುವ ‘ಇತಾಯಿ-ಇತಾಯಿ’ ಕಾಯಿಲೆ ತಂದಿತು; 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ಕಾಯಿಲೆ ಎಂದು ಒಪ್ಪಿತು. ಗದ್ದೆಯಲ್ಲಿ ನೀರು ನಿಂತಿರುವಾಗ ಕ್ಯಾಡ್ಮಿಯಂ ಸಲ್ಫೈಡಾಗಿ ಮಣ್ಣಲ್ಲೇ ಕಟ್ಟಿಕೊಂಡಿರುತ್ತದೆ, ನೀರು ಬಸಿದು ಮಣ್ಣಿಗೆ ಗಾಳಿಯಾಡಿದೊಡನೆ ಬೇರಿಗೆ ಸಿಗುತ್ತದೆ. ಹೀಗಾಗಿ ಅಲ್ಲಿ ತೆನೆ ಹೊರಡುವ ಮೂರು ವಾರ ಮುಂಚಿನಿಂದ ಮೂರು ವಾರ ನಂತರದವರೆಗೆ ಗದ್ದೆಯಲ್ಲಿ ನೀರು ನಿಂತೇ ಇರುವಂತೆ ನೋಡಿಕೊಳ್ಳುವ ಕ್ರಮವಿದೆ. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಇದೇ ಕ್ರಮ ಅದನ್ನು ಕಾಳಿಗೆ ಏರಿಸುತ್ತದೆ. ಆದ್ದರಿಂದ ಮೊದಲು ಎರಡನ್ನೂ ಅಳೆಸಿ, ಅಲ್ಲಿಯವರೆಗೆ ಹೊಳೆಯ ನೀರು ಹಾಯಿಸಬೇಡಿ. ಈಗಾಗಲೇ ಹಾಯಿಸಿದ್ದರೆ ನೀರು ಒಳಬರುವ ಬಾಯಿಯ ಪಕ್ಕದ ಮಣ್ಣನ್ನೂ ಭತ್ತವನ್ನೂ ಬೇರೆಯಾಗಿ ತೆಗೆದು ಕಳಿಸಿ. ಲೋಹ ಮೊದಲು ಕೂರುವುದು ಅಲ್ಲೇ. ಗದ್ದೆಯೆಲ್ಲ ಬೆರೆಸಿದ ಮಾದರಿಯಲ್ಲಿ ಅದು ಕಾಣದೆ ಹೋಗುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಡ್ಮಿಯಂಗೆ ಅಂತರರಾಷ್ಟ್ರೀಯ ಆಹಾರ ಗುಣಮಟ್ಟ ಸಂಸ್ಥೆಯಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 0.4 ಮಿಲಿಗ್ರಾಂ. ಆ ಬಾಯಿಯ ಪಕ್ಕದ ಅಕ್ಕಿ ಅದನ್ನು ದಾಟಿದ್ದರೆ ಮಾರಬೇಡಿ, ಮನೆಗೂ ಒಯ್ಯಬೇಡಿ.