ಪ್ರತಿಕ್ರಿಯೆ: ತೋಟದ ಹಳದಿ ಬಲೆಯ ಜೇಡ

ಸೋಮವಾರಪೇಟೆಯ ನಿಮ್ಮ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಹಳದಿ ಬಲೆ ಕಟ್ಟಿರುವ ದೊಡ್ಡ ಜೇಡ ತನ್ನ ಬಲೆಗೇ ಯಾಕೆ ಅಂಟಿಕೊಳ್ಳುವುದಿಲ್ಲ, ಹುಳುವನ್ನು ಹೇಗೆ ತಿನ್ನುತ್ತದೆ ಅಂತ ಕೇಳಿದ್ದೀರಿ.

ನೀವು ಹೇಳಿದ ಗುರುತು ನೋಡಿದರೆ ಅದು ಜೈಂಟ್ ವುಡ್ ಸ್ಪೈಡರ್ ಇರಬೇಕು. ದೊಡ್ಡದು ಹೆಣ್ಣು. ಅದೇ ಬಲೆಯ ಮೇಲ್ಗಡೆ ನೋಡಿ, ಪುಟ್ಟ ಕೆಂಪು ಗಂಡು ಇದ್ದರೂ ಇರಬಹುದು!

ಬಲೆಯ ಎಲ್ಲ ಎಳೆಗಳೂ ಅಂಟಲ್ಲ. ಮೊದಲ ಎಳೆಯನ್ನು ಜೇಡ ಗಾಳಿಗೆ ತೇಲಿಬಿಡುತ್ತದೆ. ಅದು ಎದುರಿನ ಕೊಂಬೆಗೆ ತಾಗಿದರೆ ಸೇತುವೆ ಸಿದ್ಧ. ನಡುವಿನಿಂದ ಅಂಚಿಗೆ ಹೋಗುವ ಎಳೆಗಳಲ್ಲಿ ಅಂಟಿಲ್ಲ, ಸುತ್ತಿ ಬರುವ ಎಳೆಗಳಲ್ಲಿ ಮಾತ್ರ ಅಂಟಿನ ಹನಿಗಳಿರುತ್ತವೆ. ಜೇಡ ಜಾಸ್ತಿ ಓಡಾಡುವುದು ಅಂಟಿಲ್ಲದ ಎಳೆಗಳ ಮೇಲೆ, ಅದೂ ಕಾಲ್ತುದಿಯ ಉಗುರಿನಿಂದ ಹಿಡಿದು. ಕಾಲಿನ ಸಣ್ಣ ಕೂದಲುಗಳಿಂದಲೂ ಅಂಟು ಹಿಡಿಯುವುದು ಕಡಿಮೆ.

ಹುಳು ಬಿದ್ದು ಒದ್ದಾಡಿದರೆ ಎಳೆ ನಡುಗುತ್ತದೆ, ಜೇಡಕ್ಕೆ ಅಷ್ಟೇ ಸಾಕು. ಈ ಜಾತಿ ಸಾಮಾನ್ಯವಾಗಿ ಮೊದಲು ಕಚ್ಚಿ ವಿಷ ಬಿಡುತ್ತದೆ, ಆಮೇಲೆ ನೂಲು ಸುತ್ತುತ್ತದೆ. ಇಡಿಯಾಗಿ ನುಂಗಲು ಬರುವುದಿಲ್ಲ. ಜೀರ್ಣರಸ ಕಕ್ಕಿ, ಹುಳುವಿನ ಮೈಯನ್ನು ಕರಗಿಸಿ ಹೀರುತ್ತದೆ.

ದಯವಿಟ್ಟು ಸುಮ್ನೆ ಬಲೆ ಕೀಳಬೇಡಿ. ಕೆಲಸದವರ ದಾರಿಗೆ ಅಡ್ಡ ಬಂದರೆ ಒಂದು ಬದಿಯ ಎಳೆ ಮಾತ್ರ ಕೋಲಿನಿಂದ ಬಿಡಿಸಿ.