ಕರೆಂಟ್ ಲೂಪ್‌ನ ಎರಡೇ ತಂತಿಯಲ್ಲಿ ತೂಕದ ಡೇಟಾ ಹೇಗೆ ಹೋಗುತ್ತದೆ?

ಲಾರಿ ತೂಗುವ ವೇಬ್ರಿಡ್ಜ್‌ನ ಇಂಡಿಕೇಟರ್‌ನಿಂದ (ತೂಕ ತೋರಿಸುವ ಪೆಟ್ಟಿಗೆ) ಹೊರಗಿನ ದೊಡ್ಡ ಡಿಸ್‌ಪ್ಲೇಗೆ ಎರಡೇ ತಂತಿ ಹೋಗಿದೆ, ವೋಲ್ಟೇಜ್ ಅಳೆದರೆ ತಲೆಬುಡ ತಿಳಿಯುತ್ತಿಲ್ಲ ಎಂದಿದ್ದೀರಿ. ವೋಲ್ಟೇಜ್ ನೋಡುವುದನ್ನು ಬಿಡಿ. ಇಲ್ಲಿ ಸುದ್ದಿ ಇರುವುದು ಕರೆಂಟಿನಲ್ಲಿ.

20 ಮಿಲಿಆಂಪ್ ಹರಿಯುತ್ತಿದ್ದರೆ 1, ನಿಂತರೆ 0. ಅಷ್ಟೇ. ಏನೂ ಕಳಿಸದೆ ಸುಮ್ನೆ ಇರುವಾಗಲೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಇದು ಟೆಲಿಪ್ರಿಂಟರ್ ಕಾಲದಿಂದ ಬಂದ ಪದ್ಧತಿ. ತಂತಿ ತುಂಡಾದರೆ ಕರೆಂಟ್ ನಿಲ್ಲುತ್ತದೆ, ಆ ಕ್ಷಣವೇ ಗೊತ್ತಾಗುತ್ತದೆ. ನನಗೆ ಈ ಲೂಪ್‌ನಲ್ಲಿ ತುಂಬಾ ಇಷ್ಟವಾಗುವುದು ಇದೇ.

ತೂಕದಲ್ಲಿ 5 ಎಂಬ ಅಂಕಿ ಇದೆ ಎಂದುಕೊಳ್ಳಿ. ಆಸ್ಕಿಯಲ್ಲಿ, ಅಂದರೆ ಅಕ್ಷರ, ಅಂಕಿಗಳನ್ನು 0, 1ರಲ್ಲಿ ಬರೆಯುವ ಸಂಕೇತದಲ್ಲಿ, ಅದು 00110101. ಇದರ ಒಂದೊಂದು 0 ಅಥವಾ 1 ಒಂದು ಬಿಟ್. ಮೊದಲು ಕರೆಂಟ್ ಒಂದು ಬಿಟ್‌ನಷ್ಟು ಹೊತ್ತು ನಿಲ್ಲುತ್ತದೆ, ಅದು ಸ್ಟಾರ್ಟ್ ಬಿಟ್. ಆಮೇಲೆ ಬಲಗಡೆಯಿಂದ ಒಂದೊಂದೇ ಬಿಟ್: ಇದೆ, ಇಲ್ಲ, ಇದೆ, ಇಲ್ಲ, ಇದೆ, ಇದೆ, ಇಲ್ಲ, ಇಲ್ಲ. ಕೊನೆಗೆ ಸ್ಟಾಪ್ ಬಿಟ್, ಮತ್ತೆ ಕರೆಂಟ್. ವೇಗ 1200 ಬಾಡ್, ಅಂದರೆ ಸೆಕೆಂಡಿಗೆ 1200 ಬಿಟ್ ಇದ್ದರೆ ಒಂದೊಂದು ಬಿಟ್‌ಗೆ 0.83 ಮಿಲಿಸೆಕೆಂಡ್.

ಡಿಸ್‌ಪ್ಲೇ ಒಳಗೆ ಈ ಕರೆಂಟ್ ಆಪ್ಟೊಕಪ್ಲರ್‌ನ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಎಲ್‌ಇಡಿಯನ್ನು ಹೊತ್ತಿಸಿ ಆರಿಸುತ್ತದೆ. ಆಚೆ ಬದಿಯ ಸರ್ಕ್ಯೂಟ್ ಬೆಳಕನ್ನಷ್ಟೇ ನೋಡುತ್ತದೆ. ಹಾಗಾಗಿ ಎರಡು ಕಡೆಯ ಅರ್ತ್ ಬೇರೆ ಬೇರೆ ಇದ್ದರೂ ತೊಂದರೆಯಿಲ್ಲ. ದೂರವೂ ಅಷ್ಟೊಂದು ಕಾಡುವುದಿಲ್ಲ. 0.5 ಸ್ಕ್ವೇರ್ ಎಂಎಂ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 36 ಓಂ. 500 ಮೀಟರ್ ಹೋಗಿ ಬಂದರೂ 20 ಮಿಲಿಆಂಪ್‌ಗೆ ಕಳೆದುಕೊಳ್ಳುವುದು 0.72 ವೋಲ್ಟ್ ಮಾತ್ರ. ಒಂದೇ ಲೂಪ್ ಅಲ್ವಾ, ಆ ತುದಿಯಲ್ಲಿ ಎಷ್ಟು ಕರೆಂಟೋ ಈ ತುದಿಯಲ್ಲೂ ಅಷ್ಟೇ.

ಜಾಸ್ತಿ ಜನ ಎಡವುವುದು ಬೇರೆ ಕಡೆ. ಈ ಕರೆಂಟನ್ನು ಕೊಡುವವರು ಯಾರು? ಲೂಪ್‌ನಲ್ಲಿ ಒಂದು ತುದಿ ಆ್ಯಕ್ಟಿವ್ (ಕರೆಂಟ್ ಕೊಡುವುದು), ಇನ್ನೊಂದು ಪ್ಯಾಸಿವ್ (ತಾನು ಕರೆಂಟ್ ಕೊಡದ್ದು) ಇರಬೇಕು. ಒಮ್ಮೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಅರ್ಧ ದಿನ ಪರದಾಡಿದ್ದೇನೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು, ಒಳಗೆ ಡಿಸ್‌ಪ್ಲೇ ಖಾಲಿ. ಕೇಬಲ್ ಸರಿ, ಪ್ಲಸ್ ಮೈನಸ್ ಸರಿ, ಬಾಡ್ ರೇಟ್ ಸರಿ. ಬಿಚ್ಚಿ ನೋಡಿದರೆ ಇಂಡಿಕೇಟರ್ ಔಟ್‌ಪುಟ್‌ನಲ್ಲಿ ಬರೀ ಟ್ರಾನ್ಸಿಸ್ಟರ್ ಸ್ವಿಚ್, ಡಿಸ್‌ಪ್ಲೇಯಲ್ಲಿ ಬರೀ ಆಪ್ಟೊಕಪ್ಲರ್. ಎರಡೂ ಪ್ಯಾಸಿವ್! ಲೂಪ್‌ನಲ್ಲಿ 12 ವೋಲ್ಟ್ ಸಪ್ಲೈ, ಜೊತೆಗೆ 470 ಓಂ ಅರ್ಧ ವ್ಯಾಟ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿದೆ. ಸುಮಾರು 22 ಮಿಲಿಆಂಪ್ ಬಂತು, ಅಂಕಿಗಳು ಹೊತ್ತಿಕೊಂಡವು.

ನೀವೂ ಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಕೆಂಪು ವೈರನ್ನು ಮಿಲಿಆಂಪ್ ತೂತಿಗೆ ಹಾಕಿ, ಲೂಪ್‌ನ ಒಂದು ತಂತಿ ಬಿಚ್ಚಿ ಮಧ್ಯೆ ಸೇರಿಸಿ. ಎರಡು ತಂತಿಗೂ ಅಡ್ಡಲಾಗಿ ಮಾತ್ರ ಇಡಬೇಡಿ. ಸುಮ್ನೆ ಇದ್ದಾಗ 20ರ ಆಸುಪಾಸು ನಿಂತು, ತೂಕ ಹೋಗುವಾಗ ಸ್ವಲ್ಪ ಇಳಿದು ಅಲುಗಾಡಿದರೆ ಲೂಪ್ ಸರಿಯಿದೆ. ಸೊನ್ನೆಯೇ ಬಂದರೆ ಎರಡೂ ಪೆಟ್ಟಿಗೆಯ ಟರ್ಮಿನಲ್ ಮೇಲೆ ಬರೆದಿರುವ ಹೆಸರನ್ನು ಇಲ್ಲಿ ಹಾಕಿ, ಯಾವುದು ಆ್ಯಕ್ಟಿವ್ ಎಂದು ನೋಡೋಣ.